ಮೊದಲು ಜೀವ, ಆಮೇಲೆ ಕಾಗದ



2022ರ ನವೆಂಬರಿನಲ್ಲಿ ಹೆರಿಗೆ ನೋವಿನಿಂದ ತುಮಕೂರು ಜಿಲ್ಲಾ ಆಸ್ಪತ್ರೆಗೆ ಬಂದ ಬಡ ಹೆಣ್ಣುಮಗಳನ್ನು ತಾಯಿ ಕಾರ್ಡಿಲ್ಲ, ಆಧಾರಿಲ್ಲವೆಂದು ವಾಪಸು ಕಳಿಸಿದರು. ಮನೆಯಲ್ಲೇ ಹೆತ್ತಳು. ಅವಳೂ ಸತ್ತಳು, ಅವಳಿ ಕೂಸುಗಳೂ ಸತ್ತವು. ಆಮೇಲೆ ಸಿಬ್ಬಂದಿ ಅಮಾನತಾದರು. ಸತ್ತವರು ಎದ್ದು ಬಂದರೇನು?

ತುಮಕೂರು ನಮಗೆ ದೂರವಲ್ಲ. ಮಳೆ ಕೈಕೊಟ್ಟರೆ ಬದಾಮಿ, ಹುನಗುಂದದ ನಮ್ಮ ಕೇರಿಗಳು ಗೋವಾಕ್ಕೆ, ಮಂಗಳೂರಿಗೆ ಗುಳೆ ಹೋಗುತ್ತವೆ. ಕಾರ್ಡು ಊರಾಗಿನ ಟ್ರಂಕಿನಾಗ, ಬ್ಯಾನಿ ಮಂಗಳೂರಾಗ! ಕಾರ್ಡು ಬರೂತನಕ ಕೂಸು ಕಾಯ್ತದೇನು?

ಕಾನೂನು ಕುರುಡಾಗಿಲ್ಲ. 1989ರಲ್ಲೇ ಪರಮಾನಂದ ಕಟಾರಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಹೇಳಿತು: ಸರ್ಕಾರಿ ಇರಲಿ, ಖಾಸಗಿ ಇರಲಿ, ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ, ಪೊಲೀಸರ ಕಾಗದ ಆಮೇಲೆ. 1992ರಲ್ಲಿ ಪಶ್ಚಿಮ ಬಂಗಾಳದಲ್ಲಿ ರೈಲಿನಿಂದ ಬಿದ್ದವನೊಬ್ಬನನ್ನು ಸರ್ಕಾರಿ ಆಸ್ಪತ್ರೆಗಳು ಒಂದಾದ ಮೇಲೊಂದು ಹೊರದಬ್ಬಿದವು. ಅವನ ಕೃಷಿ ಕೂಲಿಕಾರರ ಸಂಘ ಕೋರ್ಟಿಗೆ ಹೋಯಿತು. 1996ರಲ್ಲಿ ತೀರ್ಪು ಬಂತು: ಇದು ಸಂವಿಧಾನದ 21ನೇ ವಿಧಿಯ ಉಲ್ಲಂಘನೆ, 25,000 ರೂಪಾಯಿ ಪರಿಹಾರ ಕೊಡಿ. ಜಾತಿಯ ಕಾರಣಕ್ಕೆ ನಮ್ಮನ್ನು ಆಸ್ಪತ್ರೆಯೊಳಗೆ ಬಿಡದಿದ್ದರೆ, 2015ರ ತಿದ್ದುಪಡಿಯಂತೆ ಅದು ದೌರ್ಜನ್ಯ ತಡೆ ಕಾಯ್ದೆಯ ಅಪರಾಧ.

ಇಷ್ಟೆಲ್ಲ ಇದ್ದೂ ನಾವು ಬಾಗಿಲಲ್ಲಿ 'ಯಪ್ಪಾ, ಕೈ ಮುಗಿತೀವ್ರಿ' ಅನ್ನುತ್ತ ನಿಲ್ಲುತ್ತೇವೆ. ಸಾಕು! ತುರ್ತಿನ ಹೊತ್ತಿನಲ್ಲಿ 'ಇಲ್ಲಿ ಆಗಂಗಿಲ್ಲ' ಅಂದರೆ, 'ಯಾಕ ಆಗಂಗಿಲ್ಲ ಬರದು ಕೊಡ್ರಿ ಸಾಹೇಬ್ರ, ಹೊತ್ತು ಹಾಕಿ ಸಹಿ ಮಾಡ್ರಿ' ಅನ್ನೋಣ. ಒಬ್ಬರೇ ಕೇಳಿದರೆ ಗದರಿಸುತ್ತಾರೆ. ಕೇರಿಯೇ ಜತೆಗೆ ನಿಂತು ಕೇಳಲಿ. ಕಾಗದ ಕೇಳುವವರಿಂದ ಇನ್ನು ನಾವೂ ಕಾಗದ ಕೇಳೋಣ.