ಹುಡುಕುವುದೂ ಕೇಳುವುದೂ

ಮೈಸೂರಿನ ಬನ್ನಿಮಂಟಪವನ್ನು ದಾಟಿ ಕೆಸರೆಗೆ ಬಂದರೆ ಸಿಕ್ಕುವ ನಮ್ಮ ಬೀದಿಯಲ್ಲಿ, ಎದುರು ಸಾಲಿನ ಮನೆಯ ಹುಡುಗನೊಬ್ಬ, ಇಂಜಿನಿಯರಿಂಗ್ ವ್ಯಾಸಂಗದ ಮೂರನೆಯ ವರ್ಷದಲ್ಲಿರತಕ್ಕವನು, ಕಳೆದ ವಾರ ಸಂಜೆ ಜಗಲಿಗೆ ಬಂದು ಕುಳಿತು, ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ, "ತಾತ, ಓಪನ್ ರಿಸೋರ್ಸ್ ಟೆಸ್ಟಲ್ಲಿ ಗೂಗಲ್ ನೋಡಿದ್ರೆ ಅದೂ ಕಾಪಿ ಹೊಡೆದ ಹಾಗೇನಾ?" ಎಂದು ಕೇಳಿದನು. ಮನೆಯಲ್ಲಿಯೇ ಕುಳಿತು ಎರಡು ಗಂಟೆಯೊಳಗೆ ಬರೆದು ಕಳುಹಿಸಬೇಕಾಗಿದ್ದ ಕಿರುಪರೀಕ್ಷೆಯದು. ಸೂಚನೆಯಲ್ಲಿ 'ಮುಕ್ತ ಸಂಪನ್ಮೂಲ' ಎಂಬ ಎರಡು ಪದಗಳಲ್ಲದೆ ಬೇರೇನೂ ಇರಲಿಲ್ಲ. ಈತನು ಪುಸ್ತಕವನ್ನೂ ಟಿಪ್ಪಣಿಯನ್ನೂ ನೋಡಿದಂತೆಯೇ ಅಂತರಜಾಲವನ್ನೂ ನೋಡಿದನು, ಮರುದಿನ ಅಧ್ಯಾಪಕರು ವಿಚಾರಿಸಿದಾಗ ಮರೆಮಾಚದೆ ಹೇಳಿದನು, ಸೊನ್ನೆ ಬಂದಿತು. ನೋಡಿಯೂ ನೋಡಲಿಲ್ಲವೆಂದವರಿಗೆ ಅಂಕಗಳು ಬಂದುವು.

ಅದು ಕಾಪಿಯಲ್ಲವೆಂಬುದು ನನ್ನ ಅಭಿಪ್ರಾಯ. ಆದರೆ ಅಷ್ಟು ಹೇಳಿ ಎದ್ದುಬಿಡಲು ವಿಷಯವು ಬಿಡುವುದಿಲ್ಲ.

ಪರೀಕ್ಷೆಯಲ್ಲಿ ಪುಸ್ತಕ ತೆರೆಯುವುದನ್ನು ಈಚಿನ ಆವಿಷ್ಕಾರವೆಂಬಂತೆ ಮಾತನಾಡುವವರು ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಪರೀಕ್ಷಾಮಂದಿರವನ್ನು ಕಂಡವರಲ್ಲ. ಯಂತ್ರವಿನ್ಯಾಸದ ಪತ್ರಿಕೆಗೆ ಕೂರುವ ವಿದ್ಯಾರ್ಥಿಯ ಮುಂದೆ ಲಿಂಗಯ್ಯನವರದೋ, ಮಹದೇವನ್ ಮತ್ತು ಬಾಲವೀರ ರೆಡ್ಡಿಯವರದೋ ದಪ್ಪನೆಯ 'ಡೇಟಾ ಹ್ಯಾಂಡ್‌ಬುಕ್' ಇರುತ್ತದೆ. ಸಿವಿಲ್ ವಿಭಾಗದವನು ಕಾಂಕ್ರೀಟಿನ ಐಎಸ್ 456 ಸಂಹಿತೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಬರುತ್ತಾನೆ. ಅದಕ್ಕೂ ಹಿಂದಿನ ತಲೆಮಾರಿನ ವಿಜ್ಞಾನ ವಿದ್ಯಾರ್ಥಿಗಳಿಗೆ ಕ್ಲಾರ್ಕ್ ಟೇಬಲ್ ಇಲ್ಲದೆ ಲೆಕ್ಕವೇ ಸಾಗುತ್ತಿರಲಿಲ್ಲ. ಸೂತ್ರವೂ ಕೋಷ್ಟಕವೂ ಕಣ್ಣೆದುರಿಗಿದ್ದರೂ ಅನುತ್ತೀರ್ಣರಾಗುವವರಿಗೆ ಕೊರತೆಯಿರಲಿಲ್ಲ. ಏಕೆಂದರೆ ಯಾವ ಬೇರಿಂಗಿಗೆ ಯಾವ ಸೂತ್ರವೆಂಬ ವಿವೇಕವು ಆ ಗ್ರಂಥದ ಯಾವ ಪುಟದಲ್ಲಿಯೂ ಅಚ್ಚಾಗಿರಲಿಲ್ಲ. ಇಲ್ಲಿ ಗಮನಿಸತಕ್ಕ ಸಂಗತಿ ಮತ್ತೊಂದುಂಟು. ಕೊಠಡಿಯ ಮೇಲ್ವಿಚಾರಕರು ಆ ಹ್ಯಾಂಡ್‌ಬುಕ್ಕನ್ನು ಕೈಗೆತ್ತಿಕೊಂಡು, ಹಾಳೆ ಹಾಳೆಯಾಗಿ ತಿರುವಿ, ಅಂಚಿನಲ್ಲಿ ಪೆನ್ಸಿಲಿನ ಗುರುತು ಏನಾದರೂ ಇದೆಯೇ ಎಂದು ಹುಡುಕುತ್ತಿದ್ದರು. ಅಚ್ಚಿನ ಅಕ್ಷರವು ಸಮ್ಮತ, ಪೆನ್ಸಿಲಿನ ಅಕ್ಷರವು ಅಪರಾಧ: ಎರಡರಲ್ಲಿಯೂ ಅದೇ ಸೂತ್ರವಿರಬಹುದು, ಆದರೂ ಗಡಿ ಎಲ್ಲಿದೆಯೆಂಬುದು ಬಡ ರೈತನ ಮಗನಿಗೂ ಪ್ರೊಫೆಸರರ ಮಗನಿಗೂ ಸಮಾನವಾಗಿ ತಿಳಿದಿತ್ತು. ಚೀಟಿಯನ್ನು ತೋಳಿನೊಳಗೆ ಮಡಚಿಟ್ಟುಕೊಂಡವನಿಗೆ ತಾನು ಮಾಡುತ್ತಿರುವುದು ಏನೆಂಬುದನ್ನು ಯಾರೂ ಬಂದು ವಿವರಿಸಬೇಕಾಗಿರಲಿಲ್ಲ.

2018ರಲ್ಲಿ ನಮ್ಮ ನೆರೆಯ ಕೊಳ್ಳೇಗಾಲದ ಶಾಸಕರಾಗಿ, ಕೆಲವೇ ತಿಂಗಳು ಪ್ರಾಥಮಿಕ ಮತ್ತು ಪ್ರೌಢಶಿಕ್ಷಣ ಸಚಿವರಾಗಿದ್ದ ಎನ್. ಮಹೇಶ್ ಅವರು ಶಾಲೆಗಳಲ್ಲಿ ತೆರೆದ ಪುಸ್ತಕದ ಪರೀಕ್ಷೆಯನ್ನು ತರುವ ವಿಚಾರವನ್ನು ಮುಂದಿಟ್ಟಾಗ ನಾಡಿನಲ್ಲಿ ನಗೆಯೂ ಎದ್ದಿತು, ಗಾಬರಿಯೂ ಎದ್ದಿತು. ಅವರು ಪದವಿಯಿಂದ ಇಳಿದ ಮೇಲೆ ಮಾತು ಅಲ್ಲಿಗೇ ನಿಂತಿತು. ನಾವು ಹಿಡಿದ ದಾರಿ ಬೇರೆ. 2019ರಲ್ಲಿ ಹಾವೇರಿಯ ಒಂದು ಪದವಿಪೂರ್ವ ಕಾಲೇಜಿನವರು ಪಕ್ಕಕ್ಕೆ ನೋಡಬಾರದೆಂದು ಮಕ್ಕಳ ತಲೆಗೆ ರಟ್ಟಿನ ಡಬ್ಬಗಳನ್ನು ತೊಡಿಸಿದರು. 2024ರಲ್ಲಿ ಎಸ್‌ಎಸ್‌ಎಲ್‌ಸಿ ಕೇಂದ್ರಗಳಿಗೆ ಕ್ಯಾಮರಾ ಹಾಕಿ ನೇರವಾಗಿ ವೀಕ್ಷಿಸಿದಾಗ, ಹಿಂದಿನ ವರ್ಷ ಶೇಕಡಾ 83.89 ಇದ್ದ ಫಲಿತಾಂಶವು, ಕೃಪಾಂಕವನ್ನು ಹೆಚ್ಚಿಸಿಕೊಟ್ಟ ಮೇಲೆಯೂ, 73.40ಕ್ಕೆ ಇಳಿಯಿತು. ಕಾವಲು ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಕಾವಲಿನ ಅಭ್ಯಾಸದಲ್ಲಿಯೇ ಬೆಳೆದ ಅಧ್ಯಾಪಕವರ್ಗವು, ಪರೀಕ್ಷೆಯನ್ನು 'ಮುಕ್ತ'ವೆಂದು ಕರೆದ ಮೇಲೆಯೂ ಮನಸ್ಸಿನೊಳಗೆ ಹಳೆಯ ಬೀಗವನ್ನೇ ಹಾಕಿಕೊಂಡಿದ್ದು, ಆ ಬೀಗವು ವಿದ್ಯಾರ್ಥಿಯ ಕಣ್ಣಿಗೆ ತಾನಾಗಿ ಕಾಣಬೇಕೆಂದು ಅಪೇಕ್ಷಿಸುವುದು ನ್ಯಾಯವಲ್ಲ.

ಇದೇ ತೊಡಕು ದೊಡ್ಡವರ ಮನೆಯಲ್ಲಿಯೂ ಆಗಿದೆ. 2012ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ, ಅಲ್ಲಿನ ಶಾಸನಸಭೆಯನ್ನು ಕುರಿತ ಒಂದು ಪಾಠಕ್ಕೆ ಮನೆಗೊಯ್ದು ಬರೆಯುವ ಪರೀಕ್ಷೆಯನ್ನು ಕೊಟ್ಟಿದ್ದರು. ಪುಸ್ತಕ, ಟಿಪ್ಪಣಿ, ಅಂತರಜಾಲ ಮೂರೂ ಮುಕ್ತವೆಂದು ಪ್ರಶ್ನಪತ್ರಿಕೆಯಲ್ಲಿಯೇ ಇತ್ತು. ಇತರರೊಡನೆ ಚರ್ಚಿಸಕೂಡದೆಂಬ ನಿರ್ಬಂಧವೂ ಅದರ ಬೆನ್ನಿಗೇ ಇತ್ತು. ಉತ್ತರಗಳು ಒಂದನ್ನೊಂದು ಹೋಲಿದುವೆಂದು ಸುಮಾರು 125 ಮಂದಿಯ ಮೇಲೆ ವಿಚಾರಣೆ ನಡೆದು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರು ಕೆಲಕಾಲ ವಿಶ್ವವಿದ್ಯಾನಿಲಯವನ್ನು ಬಿಡಬೇಕಾಯಿತು. ಅಲ್ಲಿ ತಪ್ಪಾಗಿ ಕಂಡದ್ದು ಅಂತರಜಾಲವಲ್ಲ, ಪಕ್ಕದವನ ತಲೆ. ಅದಕ್ಕೆ ಮೂರು ವರ್ಷ ಮೊದಲೇ ಡೆನ್ಮಾರ್ಕಿನವರು ಕೆಲವು ಶಾಲೆಗಳ ಅಂತಿಮ ಪರೀಕ್ಷೆಯಲ್ಲಿ ಅಂತರಜಾಲವನ್ನು ಪ್ರಾಯೋಗಿಕವಾಗಿ ಬಿಟ್ಟುಕೊಟ್ಟು, ಯಾವ ತಾಣವನ್ನಾದರೂ ನೋಡಬಹುದು, ಯಾರೊಡನೆಯೂ ಮಾತನಾಡಕೂಡದು ಎಂದು ವಿಧಿಸಿದ್ದರು. ಹುಡುಕುವುದು ಬೇರೆ, ಕೇಳುವುದು ಬೇರೆ ಎಂಬ ಈ ವಿಭಾಗವು ನನಗೆ ಬಹಳ ಸಮಂಜಸವಾಗಿ ತೋರುತ್ತದೆ. ಗ್ರಂಥಾಲಯದಲ್ಲಿ ಕಪಾಟುಗಳ ನಡುವೆ ಅಲೆದು, ನಾಲ್ಕು ಪುಸ್ತಕಗಳಲ್ಲಿ ಮೂರನ್ನು ಬದಿಗಿಟ್ಟು ಒಂದನ್ನು ಆರಿಸುವವನು ತನ್ನ ಬುದ್ಧಿಯನ್ನೇ ವ್ಯಯಮಾಡುತ್ತಾನೆ. ಪ್ರಶ್ನೆಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೋ, ಹಣ ತೆಗೆದುಕೊಂಡು ಉತ್ತರ ಬರೆದುಕೊಡುವವನಿಗೋ ಕಳುಹಿಸುವವನು ಮತ್ತೊಬ್ಬನ ಬುದ್ಧಿಯನ್ನು ಬಾಡಿಗೆಗೆ ತಂದು ತನ್ನ ಹೆಸರಿನಲ್ಲಿ ಒಪ್ಪಿಸುತ್ತಾನೆ.

ಇಷ್ಟನ್ನು ನಾನು ಸಾವಕಾಶವಾಗಿ, ತುಸು ಪಾಂಡಿತ್ಯದ ಹೆಮ್ಮೆಯಿಂದಲೇ ವಿವರಿಸಿದೆನು. ಹುಡುಗನು ಕೇಳಿ, ತನ್ನ ಫೋನನ್ನು ತೆಗೆದು—ಗಾಜು ಮೂಲೆಯಲ್ಲಿ ಒಡೆದ ಫೋನು; ಇದೇ ಪರೀಕ್ಷೆಯನ್ನು ಲ್ಯಾಪ್‌ಟಾಪಿನ ಎರಡು ಪರದೆಗಳ ಮುಂದೆ ಕುಳಿತು ಬರೆದವರೂ ಇದ್ದರು, 'ಮುಕ್ತ'ವೆಂಬುದು ಎಲ್ಲರಿಗೂ ಒಂದೇ ಅಳತೆಯಲ್ಲಿ ಮುಕ್ತವಾಗಿರುವುದಿಲ್ಲ—ಪರೀಕ್ಷೆಯ ಒಂದು ಪ್ರಶ್ನೆಯನ್ನು ಅದರಲ್ಲಿ ಬರೆದು ನನ್ನ ಕೈಗಿತ್ತನು. ತಾಣಗಳ ಪಟ್ಟಿ ಬರುವುದಕ್ಕೆ ಮುಂಚೆಯೇ, ಮೇಲ್ಭಾಗದಲ್ಲಿ, ಯಂತ್ರವೇ ರಚಿಸಿದ ಉತ್ತರವೊಂದು ಅಚ್ಚುಕಟ್ಟಾದ ವಾಕ್ಯಗಳಲ್ಲಿ ಇಳಿದು ಬಂದಿತು. "ನಾನು ಹುಡುಕಿದ್ದಷ್ಟೇ ತಾತ, ಯಾರನ್ನೂ ಕೇಳಲಿಲ್ಲ. ಅದೇ ಹೇಳ್ಬಿಡ್ತು" ಎಂದನು.

ಡೆನ್ಮಾರ್ಕಿನವರ ಗೆರೆಯು ನನ್ನ ಅಂಗೈಯ ಮೇಲೆಯೇ ಅಳಿಸಿಹೋಯಿತು. ಕಪಾಟಿನ ಪುಸ್ತಕವೇ ಬಾಯಿ ತೆರೆದು ಮಾತನಾಡತೊಡಗಿದರೆ ಓದುವುದು ಯಾವುದು, ಕೇಳುವುದು ಯಾವುದು? ಆ ಉತ್ತರವನ್ನು ಹಾಗೆಯೇ ಇಳಿಸಿಕೊಂಡವನು ಬುದ್ಧಿಯನ್ನು ಬಾಡಿಗೆಗೆ ತಂದವನೇ ಎಂದು ನಾನು ಈಗಲೂ ಹೇಳುತ್ತೇನೆ. ಆದರೆ ಅದನ್ನು ದಾಟಿ ಕೆಳಗಿನ ತಾಣಗಳಿಗೆ ಇಳಿದು, ಎರಡನ್ನು ಓದಿ ಹೋಲಿಸಿ ಬರೆದವನನ್ನು ಅದೇ ಸೊನ್ನೆಯಿಂದ ಅಳೆಯಲಾಗದು. ಹುಡುಗನು ತಾನು ಈ ಎರಡನೆಯ ವರ್ಗದವನೆನ್ನುತ್ತಾನೆ, ನಾನು ನಂಬುತ್ತೇನೆ. ಅಧ್ಯಾಪಕರೂ ಅಷ್ಟು ಕೇಳಬಹುದಾಗಿತ್ತು: ಯಾವ ತಾಣ, ಏಕೆ ಅದೇ, ಅಲ್ಲಿದ್ದುದು ಸರಿಯೆಂದು ಹೇಗೆ ತಿಳಿದೆ ಎಂಬ ಮೂರು ಪ್ರಶ್ನೆಗಳಿಗೆ ಐದು ನಿಮಿಷ ಸಾಕು. ಅದಕ್ಕಿಂತಲೂ ಮೊದಲು, ಒಂದೇ ಹುಡುಕಾಟಕ್ಕೆ ಪೂರ್ಣ ಉತ್ತರವನ್ನು ಒಪ್ಪಿಸಿಬಿಡುವ ಪ್ರಶ್ನೆಯನ್ನು ತಾವೇಕೆ ಕೇಳಿದೆವೆಂದು ತಮ್ಮನ್ನು ತಾವು ವಿಚಾರಿಸಿಕೊಳ್ಳಬಹುದಾಗಿತ್ತು.

ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು, 2014ರಲ್ಲಿ ಇಂಥದೇ ಒಂದು ಕ್ರಮವನ್ನು ತಂದು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿದ್ದರೂ, ಈಗ ಒಂಬತ್ತನೆಯ ತರಗತಿಗೆ 2026-27ರಿಂದ ತೆರೆದ ಪುಸ್ತಕದ ಪರೀಕ್ಷೆಗೆ ಅನುಮೋದನೆ ಕೊಟ್ಟಿದೆ. ಆದಕಾರಣ ಇದು ಕೆಸರೆಯ ಒಂದು ಜಗಲಿಯಲ್ಲಿ ಮುಗಿಯುವ ಮಾತಲ್ಲ. ಮುಂದಿನ ಪರೀಕ್ಷೆಗೆ ಮುನ್ನ ಯಾವುದು ಸಮ್ಮತ, ಯಾವುದು ನಿಷಿದ್ಧವೆಂಬುದನ್ನು ಬರಹದಲ್ಲಿ ಕೇಳಿಕೊಳ್ಳೆಂದು ಹುಡುಗನಿಗೆ ಹೇಳಿ ಕಳುಹಿಸಿದೆನು. ನಿನ್ನೆ ಬಂದು ಫೋನಿನಲ್ಲಿ ಹೊಸ ಪ್ರಕಟಣೆಯನ್ನು ತೋರಿಸಿದನು. ಸೋಮವಾರ, ಬೆಳಗ್ಗೆ ಹತ್ತು ಗಂಟೆಗೆ, ಮುಕ್ತ ಸಂಪನ್ಮೂಲ ಎಂದಿತ್ತು. ಅದರ ಕೆಳಗೆ ಅಧ್ಯಾಪಕರ ಸಹಿ.