ಅಮ್ಮನೂ ಕೂತು ಉಣ್ಣುವ ಪಾರ್ಟಿ

ಏಪ್ರಿಲ್ ಕಾಲಿಟ್ಟರೆ ಸಾಕು, ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಫ್ಯಾಮಿಲಿ ವಾಟ್ಸಾಪ್ ಗ್ರೂಪುಗಳಲ್ಲಿ ಒಂದೇ ಪ್ರಶ್ನೆ: "ಮಕ್ಕಳಿಗೆ ರಜಾ ಬುಟ್ರಾ? ಯಾವಾಗ ಬತ್ತೀರಿ?" ಬೆಂಗಳೂರಿನವರು ಕನಕಪುರ, ಮಳವಳ್ಳಿ ದಾಟಿ ಬರ್ತಾರೆ. ಮೈಸೂರಿನವರು ಟಿ. ನರಸೀಪುರದ ಮೇಲೆ ಬರ್ತಾರೆ. ವರ್ಷವೆಲ್ಲ ಇಬ್ಬರೇ ಇದ್ದ ಮನೆಯಲ್ಲಿ ದಿಢೀರನೆ ಇಪ್ಪತ್ತು ಜನ! ಮೊದಲ ದಿನ ಮಾತೇ ಮಾತು. ಎರಡನೇ ದಿನ ಅವರವರ ಕೈಗೆ ಅವರವರ ಫೋನು.

ಅದಕ್ಕೇ ಈಗೀಗ ನಮ್ಮ ಕಡೆ ಮನೆಗಳಿಗೂ 'ಥೀಮ್ ಪಾರ್ಟಿ' ಬಂದಿದೆ. ಆನ್‌ಲೈನಲ್ಲಿ ಬಲೂನು ತರಿಸಿ, ಹಾಲಿನಲ್ಲಿ ಪ್ಲಾಸ್ಟಿಕ್ ಹೂವಿನ ಹಾರ ತೂಗಿಹಾಕಿ, 'ಬೀಚ್ ಪಾರ್ಟಿ' ಅಂತ ಹೆಸರಿಟ್ಟರೆ ಆಯ್ತು. ತಪ್ಪೇನಿಲ್ಲ ಬಿಡಿ. ಆದ್ರೆ ನಾನು ನೋಡಿದ ಇಂಥ ಪಾರ್ಟಿಗಳ ಫೋಟೋದಲ್ಲಿ ಎಲ್ಲರೂ ಇರ್ತಾರೆ, ಅಮ್ಮ ಇರಲ್ಲ. ಅಮ್ಮ, ಅತ್ತೆ, ಚಿಕ್ಕಮ್ಮ ಎಲ್ಲ ಒಳಗೆ ಒಲೆ ಮುಂದೆ ನಿಂತು ಬಜ್ಜಿ ಕರೀತಿರ್ತಾರೆ. ಹೊರಗೆ ನೆತ್ತಿ ಸುಡೋ ಬಿಸಿಲು, ಒಳಗೆ ಕಾದ ಎಣ್ಣೆ.

ಆಫೀಸಲ್ಲಿ ಕೋಡ್ ಬರೆಯೋ ಮುಂಚೆ ನಾವು ಕೇಳೋದು 'ರಿಕ್ವೈರ್‌ಮೆಂಟ್ ಏನು?' ಅಂತ. ಬೇಸಿಗೆ ಪಾರ್ಟಿಗೂ ನಾನು ಒಂದೇ ರಿಕ್ವೈರ್‌ಮೆಂಟ್ ಇಟ್ಟುಕೊಂಡಿದ್ದೀನಿ: ಮನೆಯ ಹೆಂಗಸರೂ ಎಲ್ಲರ ಜೊತೆ ಕೂತು ಉಣ್ಣಬೇಕು. ಅದಾಗಬೇಕಾದ್ರೆ ಥೀಮ್ ಬರೀ ಅಲಂಕಾರ ಆದ್ರೆ ಸಾಲದು, ಬಂದವರೆಲ್ಲರ ಕೈಗೂ ಒಂದು ಕೆಲಸ ಕೊಡುವಂತಿರಬೇಕು. ಅಂಥ ನಾಲ್ಕು ಥೀಮ್ ಇಲ್ಲಿವೆ.

ಪಾನಕದ ಸಂಜೆ

ಬೇಸಿಗೆಯ ಥೀಮ್ ಪಾರ್ಟಿ ನಮಗೆ ಹೊಸದಲ್ಲ. ರಾಮನವಮಿಯನ್ನೇ ನೋಡಿ: ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ. ಒಗ್ಗರಣೆ ಬಿಟ್ಟರೆ ಒಲೆ ಹಚ್ಚೋ ಕೆಲಸವೇ ಇಲ್ಲ. ದಾರೀಲಿ ಹೋಗೋರನ್ನೂ ಕರೆದು ಕೊಡ್ತಾರೆ. ಈ ಮೆನು ಮಾಡಿದವರು ಯಾರೋ, ಬೇಸಿಗೆಯಲ್ಲಿ ಅಡುಗೆಮನೆಯ ಧಗೆ ಬಲ್ಲವರೇ ಇರಬೇಕು!

ಇಪ್ಪತ್ತು ಜನಕ್ಕೆ ತಲಾ ಎರಡು ಲೋಟ ಅಂದ್ರೆ ಸುಮಾರು 8 ಲೀಟರ್. ಅದಕ್ಕೆ 1 ಕೆಜಿ ಬೆಲ್ಲ, ಹತ್ತು–ಹನ್ನೆರಡು ನಿಂಬೆಹಣ್ಣು, ಏಲಕ್ಕಿ, ಒಣಶುಂಠಿ, ಚಿಟಿಕೆ ಉಪ್ಪು ಸಾಕು. ಬೆಲ್ಲ ಕುಟ್ಟೋದು, ಸೋಸೋದು, ನಿಂಬೆ ಹಿಂಡೋದು ಮಕ್ಕಳಿಂದ ಅಜ್ಜನವರೆಗೆ ಯಾರು ಬೇಕಾದ್ರೂ ಮಾಡೋ ಕೆಲಸ. ಫ್ರಿಜ್ ನಂಬಬೇಡಿ. ನೀರನ್ನು ಹಿಂದಿನ ರಾತ್ರಿಯೇ ಮಣ್ಣಿನ ಮಡಕೆಗೆ ತುಂಬಿ, ಗಾಳಿಯಾಡೋ ಕಡೆ ಇಡಿ. ಮಡಕೆಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನೂ ಎಳ್ಕೊಂಡು ಹೋಗುತ್ತೆ. ಕರೆಂಟ್ ಇರಲಿ, ಬಿಡಲಿ, ನೀರು ತಣ್ಣಗಿರುತ್ತೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತೆಗೆಯುವ ಜೇನು ಸಿಕ್ಕಿದ್ರೆ ಒಂದು ಜಗ್ ನಿಂಬೆ-ಜೇನಿನ ಶರಬತ್ತೂ ಇರಲಿ. ಒಂದು ವರ್ಷ ತುಂಬದ ಕೂಸಿಗೆ ಮಾತ್ರ ಜೇನು ಬೇಡ. ಸಕ್ಕರೆ ಕಾಯಿಲೆ ಇರೋರಿಗೆ ಮಜ್ಜಿಗೆಯೇ ಸರಿ. ಬೆಲ್ಲ ಅಂದ ಮಾತ್ರಕ್ಕೆ ಪಾನಕದಲ್ಲಿ ಸಕ್ಕರೆ ಅಂಶ ಇಲ್ಲ ಅಂತಲ್ಲ.

ಬೆಳದಿಂಗಳೂಟ

ಹುಣ್ಣಿಮೆಯ ದಿನ ಸೂರ್ಯ ಮುಳುಗೋ ಹೊತ್ತಿಗೇ ಚಂದ್ರ ಹುಟ್ಟುತ್ತಾನೆ. ಸೀರಿಯಲ್ ಲೈಟ್ ಖರ್ಚು ಉಳೀತು. ನಮ್ಮ ಪಕ್ಕದ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೋಯ್ತು ಅಂತ ನಾವೆಲ್ಲ ಹೆಮ್ಮೆಯಿಂದ ಹೇಳ್ಕೋತೀವಿ. ಬೇಸಿಗೆ ಸಂಜೆ ನಮ್ಮ ಮನೆಯಿಂದಲೂ ಕರೆಂಟ್ ಹೋಗುತ್ತೆ, ಎಲ್ಲಿಗೆ ಅಂತ ಗೊತ್ತಿಲ್ಲ! ಹೋದ್ರೆ ಹೋಗಲಿ, ಮಹಡಿ ಹತ್ತಿ.

ಸಂಜೆ ಐದಕ್ಕೇ ಮಹಡಿಗೆ ಒಂದೆರಡು ಬಕೆಟ್ ನೀರು ಚೆಲ್ಲಿ. ಕಾದ ಕಾಂಕ್ರೀಟು ಎಂಟು ಗಂಟೆ ಹೊತ್ತಿಗೆ ಕೂರುವಷ್ಟು ತಣ್ಣಗಾಗುತ್ತೆ. ದೊಡ್ಡ ಬೇಸನ್‌ನಲ್ಲಿ ಹುಳಿ ಅನ್ನ, ಇನ್ನೊಂದರಲ್ಲಿ ಮೊಸರನ್ನ, ಉಪ್ಪಿನಕಾಯಿ, ಸಂಡಿಗೆ. ತಟ್ಟೆ ಬೇಡ, ಕೈತುತ್ತು. ಒಬ್ಬರು ಕಲಸಿ ಕೊಡೋದು, ಮಿಕ್ಕವರು ಸುತ್ತ ಕೂತು ಕೈ ಒಡ್ಡೋದು. ತೊಳೆಯೋ ಪಾತ್ರೆಯೂ ಎರಡೇ.

ಸಾಮಾನ್ಯವಾಗಿ ತುತ್ತು ಕೊಡೋದು ಅಮ್ಮ ಅಥವಾ ಅಜ್ಜಿ. ಕೊಟ್ಟು ಕೊಟ್ಟು, ಕೊನೆಗೆ ತಳದಲ್ಲಿ ಉಳಿದಿದ್ದನ್ನ ತಿಂದು ಏಳ್ತಾರೆ. ಈ ಸಲ ಅಪ್ಪನೋ ಮಾವನೋ ಬೇಸನ್ ಮುಂದೆ ಕೂರಲಿ. ಮೊದಲ ತುತ್ತು ಅಮ್ಮನಿಗೆ. "ಅಯ್ಯೋ, ನಂಗ್ಯಾಕೆ, ಮಕ್ಳಿಗೆ ಕೊಡಿ" ಅಂತಾರೆ. ಕೊಡಿ, ತಗೋತಾರೆ.

ಪೆಟ್ಟಿಗೆಯ ಸೀರೆ

ಕೊಳ್ಳೇಗಾಲ ಅಂದ್ರೆ ರೇಷ್ಮೆ. ನಮ್ಮ ಕಡೆ ಎಷ್ಟೋ ಮನೆಗಳ ಪೆಟ್ಟಿಗೆಯಲ್ಲಿ ನುಸಿಗುಳಿಗೆ ವಾಸನೆಯ ಒಂದು ಹಳೇ ಸೀರೆ ಇದ್ದೇ ಇರುತ್ತೆ. ಈ ಪಾರ್ಟಿಗೆ ಹೊಸ ಬಟ್ಟೆ ನಿಷೇಧ. ಎಲ್ಲರೂ ಹಳೇ ಸೀರೆ, ಪಂಚೆ, ಶಲ್ಯ, ಏನಾದ್ರೂ ಒಂದು ತಂದು ಅದರ ಕಥೆ ಹೇಳ್ಬೇಕು. ಯಾರು ತಂದಿದ್ದು, ಎಷ್ಟು ಕೊಟ್ಟರು, ಮೊದಲು ಉಟ್ಟಿದ್ದು ಯಾವಾಗ? ಹಳೇ ಜರಿ ಮಡಿಕೆಯಲ್ಲಿ ಸೀಳುತ್ತೆ, ಆದ್ದರಿಂದ ಉಡಿಸೋಕೆ ಹೋಗಬೇಡಿ, ಹಾಸಿ ತೋರಿಸಿ ಸಾಕು. ಪಾನಕದ ಲೋಟ ದೂರ ಇರಲಿ.

ನಾಲ್ಕರಲ್ಲಿ ಇದನ್ನ ಮಾತ್ರ ಮುಂದೂಡಬೇಡಿ ಅಂತೀನಿ. 1956ರ ರಾಜ್ಯ ಪುನರ್ವಿಂಗಡಣೆವರೆಗೆ ಕೊಳ್ಳೇಗಾಲ ಮದರಾಸು ಕಡೆಯ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅರ್ಧ ಗಂಟೆ ದಾರಿಯ ಯಳಂದೂರು ಮೈಸೂರು ಸೀಮೆ, ಒಂದು ಕಾಲಕ್ಕೆ ದಿವಾನ್ ಪೂರ್ಣಯ್ಯನವರ ಜಹಗೀರು. ಆಗ ಕೊಳ್ಳೇಗಾಲದಿಂದ ಯಳಂದೂರಿಗೆ ಹೆಣ್ಣು ಕೊಟ್ಟರೆ ರಾಜ್ಯ ದಾಟಿಸಿ ಕೊಟ್ಟಂತೆ! ಆ ಕಾಲ ಕಂಡವರಿಗೆ ಈಗ ಎಂಬತ್ತರ ಆಸುಪಾಸು. ಅಂಥವರು ನಿಮ್ಮ ಮನೆಯಲ್ಲಿದ್ದರೆ ಫೋನ್ ರೆಕಾರ್ಡಿಂಗ್ ಆನ್ ಮಾಡಿ, ಪಕ್ಕದಲ್ಲಿಟ್ಟು, ಸುಮ್ಮನೆ ಕೇಳಿ. ಸೀರೆ ಕೈಗೆ ಬಂದಾಗ, ಯಾವತ್ತೂ ಮಾತಾಡದ ದೊಡ್ಡಮ್ಮನೂ ಅರ್ಧ ಗಂಟೆ ಮಾತಾಡ್ತಾರೆ.

ಮೊಮೊ ಮಡಿಸುವ ಪಂದ್ಯ

ಮಕ್ಕಳಿಗೆ 'ಫಾರಿನ್' ಥೀಮೇ ಬೇಕಾ? ಅದೂ ನಮ್ಮಲ್ಲೇ ಇದೆ. ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಟಿಬೆಟಿಯನ್ ಕ್ಯಾಂಪು 1970ರ ದಶಕದಿಂದಲೂ ನಮ್ಮ ನೆರೆಮನೆ. ಹಗಲು ಅಲ್ಲಿಗೊಂದು ಸುತ್ತು ಹೋಗಿ ಬಂದು, ಸಂಜೆ ಮನೇಲಿ ಮೊಮೊ ಮಾಡಿ. 1 ಕೆಜಿ ಮೈದಾಗೆ ಸುಮಾರು ನೂರು ಮೊಮೊ ಆಗುತ್ತೆ. ಒಳಗೆ ಸಣ್ಣಗೆ ಹೆಚ್ಚಿದ ಕೋಸು, ಕ್ಯಾರೆಟ್, ಈರುಳ್ಳಿ. ಸ್ಟೀಮರ್ ಕೊಳ್ಳಬೇಡಿ, ಇಡ್ಲಿ ಪಾತ್ರೆಯಲ್ಲಿ ಹತ್ತು–ಹನ್ನೆರಡು ನಿಮಿಷಕ್ಕೆ ಬೇಯುತ್ತೆ. ಎಣ್ಣೆ ಮುಂದೆ ಯಾರೂ ನಿಲ್ಲೋದು ಬೇಡ. ಇಪ್ಪತ್ತು ಜನ ಸುತ್ತ ಕೂತು ತಲಾ ಐದು ಮಡಿಸಿದ್ರೆ ಕೆಲಸ ಮುಗೀತು. ಚೆಂದದ ಮಡಿಕೆಗೆ ಬಹುಮಾನ ಇಡಿ. ವರ್ಷಾವರ್ಷ ಗೌರಿ-ಗಣೇಶನಿಗೆ ಕರ್ಜಿಕಾಯಿ ಮಡಿಸಿದ ಅಜ್ಜಿಯೇ ಗೆಲ್ಲೋದು, ಬರೆದಿಟ್ಟುಕೊಳ್ಳಿ.

ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಮಾತ್ರ ಮಕ್ಕಳನ್ನ ಬಿಸಿಲಿಗೆ ಬಿಡಬೇಡಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಐದೈದು ಮನೆಯ ಚೌಕಾಬಾರ ಬರೆದು, ನಾಲ್ಕು ಕವಡೆ ಕೊಟ್ಟು, ಒಬ್ಬ ಹಿರಿಯರಿಗೆ ಒಂದು ಮಗು ಅಂತ ಜೋಡಿ ಮಾಡಿ. ಎಲ್ಲ ಕವಡೆ ಅಂಗಾತ ಬಿದ್ದರೆ ನಾಲ್ಕು, ಎಲ್ಲ ಬೋರಲು ಬಿದ್ದರೆ ಎಂಟು. ಜಗಳ ಗ್ಯಾರಂಟಿ, ಆದ್ರೆ ಫೋನ್ ಯಾರಿಗೂ ನೆನಪಾಗಲ್ಲ.

ಕೆಲಸ ಹಂಚೋದು ಹೇಗೆ?

ಗ್ರೂಪಿನಲ್ಲಿ ವಾರ ಮುಂಚೆಯೇ ಹೆಸರು ಹಾಕಿಬಿಡಿ: ತರಕಾರಿ ಯಾರು, ನೀರು ಯಾರು, ಪಾತ್ರೆ ಯಾರು. 'ಎಲ್ಲರೂ ಸೇರಿ ಮಾಡೋಣ' ಅಂತ ಬರೆದ್ರೆ ಕೊನೆಗೆ ಮಾಡೋದು ಅಮ್ಮನೇ. ಪಾತ್ರೆ ಸಾಲಿನಲ್ಲಿ ಗಂಡಸರ ಹೆಸರು ಮೊದಲು ಬರಲಿ. ದಿನಾಂಕ ಗೊತ್ತು ಮಾಡುವಾಗ ಯುಗಾದಿಯ ಮಾದಪ್ಪನ ಜಾತ್ರೆ, ವೈಶಾಖದ ಬಿಳಿಗಿರಿರಂಗನ ತೇರು ನೋಡ್ಕೊಳ್ಳಿ. ಆಗ ಬಸ್ಸೂ ರಶ್ಶು, ಮನೆಗೆ ಬರೋ ನೆಂಟರೂ ಜಾಸ್ತಿ.

ಇದಕ್ಕೆ ಮೊದಲ ವಿರೋಧ ಅಮ್ಮನಿಂದಲೇ ಬರುತ್ತೆ. "ಗಂಡು ಮಕ್ಳು ಪಾತ್ರೆ ತಿಕ್ಕುದ್ರೆ ನೋಡ್ದೋರು ಏನಂದಾರು? ನೀವು ಎದ್ದೋಗಿ ಅತ್ಲಾಗೆ." ವಾದ ಮಾಡಬೇಡಿ. ವಾದದಲ್ಲಿ ಅವರನ್ನ ಗೆದ್ದವರಿಲ್ಲ. ಒಂದು ಕುರ್ಚಿ ಹಾಕಿ, ಪಂದ್ಯಕ್ಕೆ ತೀರ್ಪುಗಾರರಾಗಿ ಕೂರಿಸಿ. ಪಾನಕಕ್ಕೆ ಬೆಲ್ಲ ಸಾಕಾ, ಮೊಮೊ ಮಡಿಕೆ ಸರಿಯಾ ಅಂತ ಅವರೇ ಹೇಳಲಿ. ಉಪ್ಪು ಕಮ್ಮಿ ಆದ್ರೆ ಬೈಸಿಕೊಳ್ಳಿ. ಕೂತಲ್ಲಿಂದಲೇ ಬಯ್ಯಲಿ.

ಕೊನೆಗೆ ಗ್ರೂಪ್ ಫೋಟೋ ಕ್ಲಿಕ್ ಮಾಡುವ ಮುಂಚೆ ಒಂದ್ಸಲ ತಲೆ ಎಣಿಸಿ. ಕಮ್ಮಿ ಬಿದ್ದರೆ ಅಡುಗೆಮನೆಗೆ ಹೋಗಿ, ಗ್ಯಾಸ್ ಆಫ್ ಮಾಡಿ, ಕೈಹಿಡಿದು ಕರ್ಕೊಂಡು ಬನ್ನಿ.

ನಿಮ್ಮ ಮನೆಯಲ್ಲಿ ಈ ಬೇಸಿಗೆಗೆ ಯಾವ ಥೀಮು? ಬರೆದು ಕಳಿಸಿ. ಪಾತ್ರೆ ತೊಳೆದಿದ್ದು ಯಾರು ಅನ್ನೋದನ್ನೂ ಮರೆಯದೆ ತಿಳಿಸಿ.