ದಾನದ ಕಲ್ಲಿಗೂ ಮೊಳ ಹಾಕಲೇಬೇಕು

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರು ಎಂಬ ಗಾದೆ ದಾನ ಪಡೆದವರ ಸಣ್ಣತನವನ್ನು ಹಂಗಿಸುತ್ತದೆ. ವಿಶ್ವವಿದ್ಯಾಲಯದ ಭೂವಿಜ್ಞಾನ ಸಂಗ್ರಹಾಲಯದ ಮಟ್ಟಿಗೆ ಈ ಗಾದೆಯನ್ನು ತಿರುಗಿಸಿ ಓದಬೇಕು. ಅಲ್ಲಿ ದಾನವಾಗಿ ಬಂದ ಪ್ರತಿ ಕಲ್ಲಿಗೂ ಮೊಳ ಹಾಕದೆ ಬಿಡುವುದೇ ಸಣ್ಣತನ.

ದಾನ ಪಡೆಯುವ ಸಮಾರಂಭ ಸುಲಭ. ಶಾಲು ಹೊದಿಸಿ, ಹಾರ ಹಾಕಿ, ಫೋಟೊ ತೆಗೆಸಿದರೆ ಮುಗಿಯಿತು. ಆಮೇಲೆ ಪೆಟ್ಟಿಗೆಗಳು ಒಂದು ಕೋಣೆಗೆ, ಕೋಣೆಯ ಬೀಗದಕೈ ಅಟೆಂಡರ್ ಕೈಗೆ, ಚೀಟಿಗಳು ಗೆದ್ದಲಿಗೆ. ಕೆಲವು ವರ್ಷ ಕಳೆದರೆ, ‘ಈ ಕಲ್ಲುಗಳನ್ನು ಇಟ್ಟುಕೊಂಡು ಏನು ಮಾಡುವುದು, ಕಂಪ್ಯೂಟರ್ ಲ್ಯಾಬಿಗೆ ಜಾಗ ಬೇಕು’ ಎಂಬ ಮಾತು ಶುರುವಾಗುತ್ತದೆ. ಆ ಹೊತ್ತಿಗೆ ಆ ಮಾತು ನಿಜವೂ ಆಗಿರುತ್ತದೆ. ಎಲ್ಲಿ ಸಿಕ್ಕಿತು, ಯಾವ ಪದರದಲ್ಲಿತ್ತು, ಯಾರು ತೆಗೆದರು ಎಂಬುದು ಅಳಿಸಿಹೋದ ಪಳೆಯುಳಿಕೆ ಬರೀ ಕಲ್ಲು.

ಇದು ದಾನ ಕೊಟ್ಟವರ ತಪ್ಪಲ್ಲ ಎಂಬುದಕ್ಕೆ ಕೇಂಬ್ರಿಡ್ಜಿನ ಉದಾಹರಣೆ ಇದೆ. ಲಂಡನ್ನಿನ ವೈದ್ಯ ಜಾನ್ ವುಡ್‌ವರ್ಡ್ 1728ರಲ್ಲಿ ತೀರಿಕೊಂಡಾಗ ತನ್ನ ಖನಿಜ, ಪಳೆಯುಳಿಕೆಗಳ ಕಪಾಟುಗಳನ್ನು ಆ ವಿಶ್ವವಿದ್ಯಾಲಯಕ್ಕೆ ಉಯಿಲು ಬರೆದಿದ್ದ. ಉಳಿದ ಕಪಾಟುಗಳನ್ನು ವಿಶ್ವವಿದ್ಯಾಲಯ ಕೊಂಡುಕೊಂಡಿತು. ಒಟ್ಟು ಹತ್ತಿರ ಹತ್ತಿರ 10,000 ಮಾದರಿಗಳು. ಆದರೆ ಆತ ಬರೀ ಕಲ್ಲು ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಪಾಠ ಹೇಳಲು, ಸಂಗ್ರಹ ನೋಡಿಕೊಳ್ಳಲು ಒಬ್ಬ ಉಪನ್ಯಾಸಕನಿರಬೇಕು, ಅವನ ಸಂಬಳಕ್ಕೆ ಆದಾಯವಿರಬೇಕು, ನೋಡಬಯಸಿ ಬಂದವರಿಗೆ ನಿಗದಿತ ಹೊತ್ತಿನಲ್ಲಿ ಕಪಾಟು ತೆರೆದು ತೋರಿಸಬೇಕು ಎಂದು ಕಟ್ಟುಮಾಡಿದ. ಉಪನ್ಯಾಸಕ ಮದುವೆಯಾಗಿರಬಾರದು ಎಂಬ ವಿಚಿತ್ರ ಷರತ್ತೂ ಅದರಲ್ಲಿತ್ತು. ಅದನ್ನು ನೋಡಿ ನಗಬಹುದು, ಉಳಿದವನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. 1818ರಲ್ಲಿ ಅದೇ ಪೀಠಕ್ಕೆ ಬಂದ ಆ್ಯಡಮ್ ಸೆಡ್ಜ್‌ವಿಕ್ 1873ರವರೆಗೆ ಸಂಗ್ರಹವನ್ನು ಬೆಳೆಸಿದ. ಅವನ ಹೆಸರಿನ ಸಂಗ್ರಹಾಲಯ 1904ರಲ್ಲಿ ಬಾಗಿಲು ತೆರೆಯಿತು. ಅಂದರೆ ಆ ಸಂಸ್ಥೆ ನಿಂತಿರುವುದು ಕಲ್ಲಿನ ಮೇಲಷ್ಟೇ ಅಲ್ಲ, ಒಬ್ಬ ಮನುಷ್ಯನ ಸಂಬಳದ ಮೇಲೆ.

‘ಈಗ ಎಲ್ಲವನ್ನೂ ಸ್ಕ್ಯಾನ್ ಮಾಡಿಡಬಹುದಲ್ಲ’ ಎನ್ನುವವರಿಗೆ ಉತ್ತರವೂ ಅದೇ ಕಟ್ಟಡದಲ್ಲಿದೆ. ಬೀಗಲ್ ಹಡಗಿನ ಯಾತ್ರೆಯಲ್ಲಿ ಡಾರ್ವಿನ್ ಕೂಡಿಸಿದ ಶಿಲೆಗಳು ಅಲ್ಲಿವೆ. ಯಾತ್ರೆ ಮುಗಿದದ್ದು 1836ರಲ್ಲಿ. ಆಲ್ಫ್ರೆಡ್ ಹಾರ್ಕರ್ ಆ ಶಿಲೆಗಳ ಬಗ್ಗೆ ಬರೆದದ್ದು 1907ರಲ್ಲಿ. ಭೂಫಲಕಗಳ ಸಿದ್ಧಾಂತ ನೆಲೆಯೂರಿದ್ದು 1960ರ ದಶಕದಲ್ಲಿ. ಪ್ರತಿ ತಲೆಮಾರೂ ಅದೇ ಕಲ್ಲಿಗೆ ಹೊಸ ಪ್ರಶ್ನೆ ಕೇಳಬಹುದು. ಸ್ಕ್ಯಾನ್ ಆಕಾರವನ್ನು ಉಳಿಸುತ್ತದೆ. ಅದನ್ನು ತೆಳ್ಳಗೆ ಕೊಯ್ದು ಸೂಕ್ಷ್ಮದರ್ಶಕದಡಿ ಇಡಲಾಗದು, ಅದರಿಂದ ವಯಸ್ಸು ಅಳೆಯಲಾಗದು.

ಚೀಟಿ ಕೆಟ್ಟರೆ ಏನಾಗುತ್ತದೆಂದು ಭಾರತಕ್ಕೆ ಯಾರೂ ಹೇಳಿಕೊಡಬೇಕಿಲ್ಲ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ವಿ.ಜೆ. ಗುಪ್ತಾ ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ಪ್ರಬಂಧಗಳ ರಾಶಿಯನ್ನೇ ಪ್ರಕಟಿಸಿದ್ದರು. 1989ರಲ್ಲಿ ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ ‘ನೇಚರ್’ ಪತ್ರಿಕೆಯಲ್ಲಿ ಪ್ರಶ್ನಿಸಿದ್ದು ಅವುಗಳ ಮೂಲವನ್ನೇ: ಹಿಮಾಲಯದವು ಎನ್ನಲಾದವುಗಳಲ್ಲಿ ಕೆಲವು ಮೊರಾಕೊದಿಂದ ಬಂದಂತಿವೆ, ಕೆಲವು ನ್ಯೂಯಾರ್ಕಿನವು. ಪಳೆಯುಳಿಕೆ ಅಸಲಿಯೇ ಆಗಿದ್ದರೂ ಊರಿನ ಹೆಸರು ಸುಳ್ಳಾದರೆ ಒಂದು ಪರ್ವತಶ್ರೇಣಿಯ ಚರಿತ್ರೆಯೇ ಕಲುಷಿತವಾಗುತ್ತದೆ. ತೆರೆದ ರಿಜಿಸ್ಟರು, ಯಾರು ಬೇಕಾದರೂ ಕೇಳಿ ನೋಡಬಹುದಾದ ಮಾದರಿ, ಇವೆರಡೂ ಇದ್ದ ಕಡೆ ಇಂಥದ್ದು ಅಷ್ಟು ವರ್ಷ ನಡೆಯುವುದು ಕಷ್ಟ.

ನಷ್ಟದ ಇನ್ನೊಂದು ದಾರಿ ಪುಣೆಯ ಪಕ್ಕದಲ್ಲೇ ಇದೆ. ವಾಘೋಲಿಯ ಕ್ವಾರಿಗಳಲ್ಲಿ ಸಿಕ್ಕಿದ ಕಡುನೀಲಿ ಕ್ಯಾವನ್ಸೈಟ್ ಜಗತ್ತಿನ ಖನಿಜ ಸಂಗ್ರಾಹಕರಿಗೆಲ್ಲ ಗೊತ್ತು. ದಖ್ಖನ್ನಿನ ಕಪ್ಪು ಕಲ್ಲಿನ ಪೊಟರೆಗಳಲ್ಲಿ ಬೆಳೆದ ಇಂಥ ಹರಳುಗಳು ಜಲ್ಲಿಗಾಗಿ ಬಂಡೆ ಒಡೆದಾಗ ಹೊರಬರುತ್ತವೆ. ಆಗ ಎತ್ತಿಕೊಳ್ಳದಿದ್ದರೆ ಪುಡಿ, ಎತ್ತಿಕೊಂಡರೆ ಮಾರಾಟ. ಹಾಗೆ ಚದುರಿದ್ದು ಹತ್ತಿರದ ತರಗತಿಗೆ ಮರಳಿ ಬರಲು ಇರುವ ಒಂದು ದಾರಿ ದಾನ.

ಕೇಂಬ್ರಿಡ್ಜ್ ಶ್ರೀಮಂತ, ಇಲ್ಲಿ ದುಡ್ಡೆಲ್ಲಿದೆ ಎಂಬ ಆಕ್ಷೇಪ ಸಹಜ. ಆದರೆ ಲಖನೌದಲ್ಲಿ ಬೀರಬಲ್ ಸಾಹ್ನಿ ಮತ್ತು ಸಾವಿತ್ರಿ ಸಾಹ್ನಿ 1946ರಲ್ಲಿ ತಮ್ಮ ಪಳೆಯುಳಿಕೆಗಳನ್ನೂ ಪುಸ್ತಕಗಳನ್ನೂ ಟ್ರಸ್ಟಿಗೆ ಒಪ್ಪಿಸಿದಾಗ ಕಟ್ಟಡವೇ ಇರಲಿಲ್ಲ. ಕೆಲಸ ಆರಂಭವಾದದ್ದು ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗದಲ್ಲಿ. 1949ರ ಏಪ್ರಿಲ್ 3ರಂದು ನೆಹರೂ ಶಂಕುಸ್ಥಾಪನೆ ಮಾಡಿದರು, ಒಂದೇ ವಾರಕ್ಕೆ ಸಾಹ್ನಿ ತೀರಿಕೊಂಡರು. ಸಂಸ್ಥೆ ನಿಲ್ಲಲಿಲ್ಲ, ಸಾವಿತ್ರಿ ಹೊಣೆ ಹೊತ್ತರು. ದಾನದ ಜೊತೆಗೆ ಟ್ರಸ್ಟಿತ್ತು, ದಾನದ ಹಿಂದೆ ಜವಾಬ್ದಾರಿಯಿತ್ತು.

ಆದ್ದರಿಂದ ಬೇಡಿಕೆ ದೊಡ್ಡದೇನಲ್ಲ. ಕ್ಯುರೇಟರ್ ಹುದ್ದೆಯಿಲ್ಲದ ವಿಶ್ವವಿದ್ಯಾಲಯ ಸಂಗ್ರಹಗಳನ್ನು ಸ್ವೀಕರಿಸಬಾರದು. ಸ್ವೀಕರಿಸಿದರೆ ಪ್ರತಿ ಮಾದರಿಗೂ ಸಂಖ್ಯೆ, ಸಿಕ್ಕ ಜಾಗ, ಕೊಟ್ಟವರ ಹೆಸರು, ಗೊತ್ತಿದ್ದರೆ ಅಗೆದು ತೆಗೆದವರ ಹೆಸರೂ ರಿಜಿಸ್ಟರಿನಲ್ಲಿರಬೇಕು. ವಾರದಲ್ಲಿ ಇಂತಿಷ್ಟು ಗಂಟೆ ಬಾಗಿಲು ತೆರೆದಿರಬೇಕು, ಊರಿನ ಶಾಲೆಯ ಮಕ್ಕಳಿಗೂ ಸೇರಿ. ಇಷ್ಟು ಆಗದು ಎನ್ನುವವರು ದಾನಿಯನ್ನು ಕೈಮುಗಿದು ಬೇರೆ ಕಡೆ ಕಳಿಸಲಿ. ಕೋಟ್ಯಂತರ ವರ್ಷ ಮಣ್ಣಿನಡಿ ಹಾಳಾಗದೆ ಉಳಿದದ್ದು ಸ್ಟೋರ್ ರೂಮಿನಲ್ಲಿ ಇಪ್ಪತ್ತು ವರ್ಷಕ್ಕೆ ಅನಾಥವಾಗುವುದಾದರೆ, ಅದು ಮಣ್ಣಿನಲ್ಲೇ ಇದ್ದದ್ದು ವಾಸಿಯಾಗಿತ್ತು.